ಮುಂದೆ ಹೋದ ಗಂಟು

ಯುದ್ಧದ ಕಾಲದಲ್ಲಿ ತಿಕೋಟಾದಿಂದ ವಿಜಾಪುರಕ್ಕೆ ಬರುವ ಮೋಟಾರು ಇದ್ದಲಿನ ಹೊಗೆಯ ಮೇಲೆ ಓಡುತ್ತಿತ್ತು. ಪೆಟ್ರೋಲು ಸಿಗುತ್ತಿರಲಿಲ್ಲ. ಮೋಟಾರಿನ ಹಿಂಬದಿಗೆ ಕಬ್ಬಿಣದ ಉದ್ದನೆಯ ಡಬ್ಬಿ ಕಟ್ಟಿ, ಅದರಲ್ಲಿ ಇದ್ದಲು ತುಂಬಿ, ಕ್ಲೀನರನು ಪಂಖದ ಹಿಡಿ ತಿರುಗಿಸಿ ಬೆಂಕಿ ಎಬ್ಬಿಸಿದ ಮೇಲೆಯೇ ಅದು ಕದಲುತ್ತಿತ್ತು. ಯಾವಾಗ ಬರುತ್ತದೆ ಎಂದು ಯಾರೂ ಕೇಳುತ್ತಿರಲಿಲ್ಲ, ಬಂದಿತೇ ಎಂದು ಮಾತ್ರ ಕೇಳುತ್ತಿದ್ದರು.

ಆ ಮೋಟಾರಿನಲ್ಲಿ ಐತವಾರಕ್ಕೊಮ್ಮೆ ನನ್ನ ಗೆಳೆಯನೊಬ್ಬ ತಿಕೋಟಾದಿಂದ ಬರುತ್ತಿದ್ದ. ಮನೆಯ ಕಿರಾಣಿ ಅಂಗಡಿಗೆ ಸಾಮಾನು ಒಯ್ಯುವುದು ಅವನ ಕೆಲಸ. ಇನ್ನೊಬ್ಬ ಗೆಳೆಯ ಬಬಲೇಶ್ವರದವನು, ಒಕ್ಕಲುತನದ ಮನೆಯವನು. ಅವನು ಚಕ್ಕಡಿಯಲ್ಲಿ ಬದನೆಕಾಯಿ, ಉಳ್ಳಾಗಡ್ಡಿ ಹೇರಿಕೊಂಡು ಸಂತೆಗೆ ಬರುತ್ತಿದ್ದ. ಮೂವರೂ ವಿಜಾಪುರದ ಒಂದೇ ಸಾಲೆಯಲ್ಲಿ ಓದಿದವರು. ಓದು ಮುಗಿದ ಮೇಲೆ ನಾನು ಊರಲ್ಲಿಯೇ ಅರಳೆಯ ಗಿರಣಿಯೊಂದರಲ್ಲಿ ಕಾರಕೂನನಾಗಿ ಸೇರಿ, ಇಬ್ರಾಹಿಂಪುರದಲ್ಲಿ ರೈಲು ಹಳಿಯ ಹತ್ತಿರ ಒಂದು ಖೋಲಿ ಹಿಡಿದಿದ್ದೆ.

ಸಂತೆ ಮುಗಿಸಿ ಇಬ್ಬರೂ ನನ್ನ ಖೋಲಿಗೆ ಬರುವರು. ಮುಂದೆ ಬೇವಿನ ಗಿಡ, ಗಿಡದ ಕೆಳಗೆ ಕಲ್ಲಿನ ಕಟ್ಟೆ. ಹುರಿದ ಶೇಂಗಾ ನಡುವೆ ಸುರುವಿಕೊಂಡು ವಾರದ ಸುದ್ದಿ ಹೇಳುವುದು. ಯಾರ ಎಮ್ಮೆ ಈಯಿತು, ಯಾರಿಗೆ ಥಂಡಿಜ್ವರ ಬಂತು, ಕ್ವಿನೈನು ಎಲ್ಲಿ ಸಿಗುತ್ತದೆ, ಯಾರು ಸೊಲ್ಲಾಪುರಕ್ಕೆ ಹೊರಟಿದ್ದಾರೆ, ಇಷ್ಟೇ. ನನಗೆ ಮೊದಲಿನಿಂದ ದಿನಚರಿಯ ರೂಢಿ. ತಾರೀಖು ಹಾಕಿ, ಪುಟವನ್ನು ಮನೆ, ಮೈ, ಪ್ರಯಾಣ ಎಂದು ಮೂರು ಭಾಗ ಮಾಡಿ, ಅವರು ಹೇಳಿದ್ದನ್ನು ಆಯಾ ಕಡೆ ಬರೆದಿಡುತ್ತಿದ್ದೆ. ಜ್ವರದ ದಿನಕ್ಕೆ ಒಂದೊಂದು ಗೀಟು.

"ಏನ್ಲೇ ಕಾರಕೂನಾ, ನಮ್ಮ ಆಕಳ ಸಗಣಿ ಹಾಕಿದ್ದೂ ಬರಕೊಂಡಿ ಏನ?" ಎಂದು ತಿಕೋಟಾದವನು ಕೆಣಕುವನು.

"ಹಾಕೇತೇನ? ಯಾವತ್ತ?" ಎಂದು ನಾನು ಕೇಳಿದರೆ ಬಬಲೇಶ್ವರದವನಿಗೆ ಶೇಂಗಾ ನೆತ್ತಿಗೇರುವಷ್ಟು ನಗು.

ಆ ವರ್ಷದ ಸುಗ್ಗಿಯಿಂದ ಬಬಲೇಶ್ವರದವನ ಸುದ್ದಿಯೆಲ್ಲ 'ಮೈ' ಎಂಬ ಭಾಗಕ್ಕೇ ಸೇರತೊಡಗಿತು. ಮಾತಿನ ನಡುವೆ ಅವನು ಎದ್ದು ಗೋಡೆಯ ಹಿಂದೆ ಹೋಗುತ್ತಿದ್ದ. ಬಹಳ ಹೊತ್ತಿನ ಮೇಲೆ ಬಂದು ಕುಳಿತು ಹಣೆಯ ಬೆವರು ಒರೆಸಿಕೊಳ್ಳುತ್ತಿದ್ದ. ತುಸು ಹೊತ್ತಿಗೆ ಮತ್ತೆ ಏಳುತ್ತಿದ್ದ. "ಉಷ್ಣ ಆಗೇತಿ" ಎನ್ನುವನು. ಕೊತ್ತಂಬರಿ ನೀರು, ಜೀರಿಗೆ ನೀರು, ಎಳನೀರಿನವರೆಗೆ ಎಲ್ಲವೂ ಆಯಿತು. ಒಂದು ಐತವಾರ ಮೂತ್ರದಲ್ಲಿ ರಕ್ತ ಹೋಯಿತು ಎಂದು ತಾನಾಗಿ ಹೇಳಿದ ಮೇಲೆ ಇಬ್ಬರೂ ಸೇರಿ ಅವನನ್ನು ಊರಿನ ಡಾಕ್ಟರರೊಬ್ಬರ ಹತ್ತಿರ ಕರೆದೊಯ್ದೆವು. ಅವರು ಮೂತ್ರದ ದಾರಿಯಲ್ಲಿ ಸಣ್ಣ ಕಬ್ಬಿಣದ ಸಳಿ ಹಾಕಿ ನೋಡಿದರು. ನಾವು ಹೊರಗೆ ನಿಂತಿದ್ದೆವು. ಅವನ ಕೂಗು ಬೀದಿಗೆ ಕೇಳಿಸಿತು. ಡಾಕ್ಟರರು ಕೈ ತೊಳೆದುಕೊಳ್ಳುತ್ತ, "ಒಳಗೆ ಕಲ್ಲು ಬೆಳೆದಿದೆ. ಮಿರಜಿನ ದೊಡ್ಡ ದವಾಖಾನೆಗೆ ಹೋಗಿ ಕೊಯ್ಸಿ ತೆಗೆಸಿರಿ. ಒಮ್ಮೆ ಮೂತ್ರ ಪೂರಾ ಕಟ್ಟಿಕೊಂಡಿತೆಂದರೆ ಜೀವಕ್ಕೆ ಬರುತ್ತದೆ, ಆಗ ಮಿರಜು ದೂರ" ಎಂದರು.

ಅವನಿಗೆ ನೋವಿಗಿಂತ ಚಾಕುವಿನ ಭಯ ಹೆಚ್ಚು. ಅವರ ಓಣಿಯಲ್ಲಿ ಹಿಂದೆ ಒಬ್ಬರು ಹೊಟ್ಟೆ ಕೊಯ್ಸಿಕೊಳ್ಳಲು ಹೋದವರು ತಿರುಗಿ ಬಂದಿರಲಿಲ್ಲವಂತೆ. ಆದರೂ ಅವನ ತಾಯಿ ಹಟ ಹಿಡಿದು ಒಳ್ಳೆಯ ದಿನ ನೋಡಿಸಿದಳು. ಜೊತೆಗೆ ಹೋಗಬೇಕಾದವನು ಜೈನಾಪುರದ ಸೋದರಮಾವ. ಹೊರಡುವ ದಿನ ಆ ಮಾವನಿಗೇ ಚಳಿಜ್ವರ ಬಂದು ಕಂಬಳಿ ಹೊದ್ದು ಮಲಗಿಬಿಟ್ಟ.

ಹೀಗಾದಾಗ ನಮ್ಮ ಕಡೆ ಪರಸ್ತಾನ ಇಡುತ್ತಾರೆ. ಒಳ್ಳೆಯ ಗಳಿಗೆಗೆ ಮನುಷ್ಯ ಹೊರಡಲು ಆಗದಿದ್ದರೆ ಅವನ ಗಂಟಾದರೂ ಹೊರಡಬೇಕು. ಒಂದು ಧೋತರ, ಅಂಗಿ, ಹಿಡಿ ಅಕ್ಕಿ, ಅರಿಷಿಣದ ಕೊಂಬು, ಅಡಿಕೆ ಕಟ್ಟಿ, ಹೋಗುವ ದಿಕ್ಕಿನಲ್ಲಿ ಊರ ಸೀಮೆ ದಾಟಿಸಿ, ಬೇರೊಬ್ಬರ ಮನೆಯಲ್ಲಿ ಇಡುವುದು. ಅಲ್ಲಿಗೆ ಪ್ರಯಾಣ ಆರಂಭವಾದಂತೆ. ಒಂದೆರಡು ವಾರದೊಳಗೆ ಆ ಮನುಷ್ಯ ಬಂದು ಗಂಟು ತೆಗೆದುಕೊಂಡು ಮುಂದೆ ಹೋಗಬೇಕು. ಗಂಟು ಮಾತ್ರ ಮನೆಯ ಕಡೆ ಹೊರಳಬಾರದು. ಅವನ ತಾಯಿ ಗಂಟನ್ನು ಚಕ್ಕಡಿಯವನ ಕೈಯಲ್ಲಿ ನನ್ನ ಖೋಲಿಗೆ ಕಳಿಸಿದಳು. ನಾನು ಅದನ್ನು ಗೂಟಕ್ಕೆ ತೂಗುಹಾಕಿ, ಆ ದಿನದ 'ಪ್ರಯಾಣ'ದಲ್ಲಿ ಬರೆದುಕೊಂಡೆ.

ಮುಂದಿನ ಐತವಾರ ಅವನು ಬರಲಿಲ್ಲ. ಅದರ ಮುಂದಿನ ಐತವಾರ ಬಂದ. ಚಕ್ಕಡಿ ಇಲ್ಲ, ಕಾಯಿಪಲ್ಲೆ ಇಲ್ಲ, ಹೆಗಲ ಮೇಲೆ ಬರೀ ಒಂದು ಟವೆಲು. ತಿಕೋಟಾದವನು ಆಗಲೇ ಬಂದು ಕಟ್ಟೆಯ ಮೇಲೆ ಕುಳಿತಿದ್ದ. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು, ಅದಕ್ಕೆ ನಾನು, "ದೂರ ಹೊಂಟಿ ಏನಪಾ?" ಎಂದೆ.

"ದೂರಿಲ್ಲ ಏನಿಲ್ಲ. ಗಂಟು ಕೊಡು, ಊರಿಗೆ ಒಯ್ಯತೇನಿ. ನನಗ ಕಮ್ಮಿ ಆಗೇತಿ."

"ಏನ ಕಮ್ಮಿ ಆಗೇತಿ?" ಎಂದ ತಿಕೋಟಾದವನು. "ಬ್ಯಾನಿನೋ ಧೈರ್ಯನೋ?"

"ಧೈರ್ಯ ನಿಂದಽ ಭಾಳ ಐತಲ್ಲ, ನೀನಽ ಹೋಗಿ ಕೊಯ್ಸಿಕೋ."

"ನನ್ನ ಹೊಟ್ಟ್ಯಾಗ ಕಲ್ಲಿಲ್ಲ ತಮ್ಮಾ. ನಮ್ಮ ಅಂಗಡಿ ಅಕ್ಕ್ಯಾಗ ಅದಾವ. ಬೇಕಾರ ಆರಿಸಾಕ ಬಾ."

ಬಬಲೇಶ್ವರದವನು ನಗಲಿಲ್ಲ. ಎದ್ದು ಗೋಡೆಯ ಹಿಂದೆ ಹೋಗಿ ಬಂದು, ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದನ್ನು ಹೇಳಿದ. "ಈ ಪರಸ್ತಾನ ನಡಿಯೂದಿಲ್ಲ. ಮಿರಜ ಪಡುವಲಕ್ಕ ಐತಿ. ವಿಜಾಪುರ ನಮ್ಮೂರಿಗೆ ಮೂಡಲಕ್ಕ. ಗಂಟು ಹಿಂದ-ಮುಂದ ಆಗಿ ಬಂದೈತಿ. ನಮ್ಮ ಮಾಮಾನಽ ಅಂದ, ಮತ್ತ ದಿನ ನೋಡಸ್ಬೇಕಂತ. ಈಗ ಬಿತ್ತಗಿ ಬಂತು. ದೀಪಾವಳಿ ಮುಂದ ನೋಡಿದ್ರಾತು."

ಅವನು ಹೇಳಿದ ದಿಕ್ಕು ಸರಿಯಾಗಿಯೇ ಇತ್ತು. ಬಬಲೇಶ್ವರದವರು ಯಾವ ದೂರದ ಊರಿಗೆ ಹೋಗುವುದಾದರೂ ಮೊದಲು ವಿಜಾಪುರಕ್ಕೇ ಬರುತ್ತಾರೆ. ಕಾಶಿಗೆ ಹೋಗುವವರೂ ಹಾಗೆಯೇ, ಕೋರ್ಟಿಗೆ ಹೋಗುವವರೂ ಹಾಗೆಯೇ. ಅವನ ತಾಯಿ ಗಂಟನ್ನು ಆ ರೂಢಿಯ ಮೇಲೆ ಕಳಿಸಿದ್ದಳು, ನಾನೂ ಅದೇ ರೂಢಿಯ ಮೇಲೆ ಇಳಿಸಿಕೊಂಡಿದ್ದೆ. ದಿಕ್ಕಿನ ನೆನಪು ಇಬ್ಬರಿಗೂ ಆಗಿರಲಿಲ್ಲ.

ತಿಕೋಟಾದವನು ಶೇಂಗಾದ ಸಿಪ್ಪೆ ಕೊಡವಿ ಎದ್ದ. ಖೋಲಿಯೊಳಗೆ ಹೋಗಿ ಗೂಟದಿಂದ ಗಂಟು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಬಂದ.

"ದಿಕ್ಕು ತಪ್ಪಿದ್ರ ತಿದ್ದೂಣು. ತಿಕೋಟಾ ಮಿರಜಿನ ಹಾದ್ಯಾಗಽ ಐತಿಲ್ಲ? ಗಂಟು ನಮ್ಮನ್ಯಾಗ ಇರ್ಲಿ. ನೀ ಬರಾಂಗಿದ್ರ ಬಾ, ಇಲ್ಲಂದ್ರ ಗಂಟಽ ಕೊಯ್ಸಿಕೊಂಡು ಬರತೈತಿ."

"ಲೇ, ಕೊಡ್ಲೇ! ಚೇಷ್ಟಿ ಸಾಕು!"

ಅವನು ಕೊಡಲಿಲ್ಲ. ಬೀಸುಗಾಲು ಹಾಕಿ ನಡೆದೇಬಿಟ್ಟ. ಓಡಿಹೋಗಿ ಹಿಡಿಯುವ ಶಕ್ತಿ ಇವನಿಗಿಲ್ಲ. ನಾನು ಖೋಲಿಗೆ ಕೀಲಿ ಹಾಕಿ ಇವನ ಜೊತೆ ನಡೆದೆ. ಅಗಸಿಯ ಹೊರಗೆ ಮೋಟಾರಿನ ಹತ್ತಿರ ಮುಟ್ಟುವಷ್ಟರಲ್ಲಿ ಗಂಟು ಮೇಲಿನ ಟಪ್ಪದಲ್ಲಿ, ಬೆಲ್ಲದ ಪೆಂಟೆ, ಎಣ್ಣೆ ಡಬ್ಬಿಗಳ ನಡುವೆ ಕುಳಿತಿತ್ತು. ಮರುದಿನ ಗಿರಣಿಯ ಇಂಜಿನಿನ ದುರಸ್ತಿಗಾಗಿ ನಮಗೆ ಸೂಟಿ. ನಾನೂ ಹತ್ತಿದೆ. "ತಿಕೋಟಾದಾಗ ಇಳದ ಕೂಡ್ಲೆ ಗಂಟು ತಗೊಂಡು ಹೊಳ್ಳತೇನಿ ನೋಡು" ಎನ್ನುತ್ತ ಇವನೂ ಹತ್ತಿದ.

ತೊರವಿ ದಾಟಿದ ಮೇಲೆ ಒಂದು ಏರು ಬರುತ್ತದೆ. ಅಲ್ಲಿ ಮೋಟಾರು ಎರಡು ಸಲ ಕೆಮ್ಮಿ ನಿಂತಿತು. ಕ್ಲೀನರನು ಹಿಂದೆ ಹೋಗಿ ಪಂಖ ತಿರುಗಿಸಿದ, ಇದ್ದಲು ಸುರಿದ, ಮಸಿಯ ಮುಖ ಒಳಗೆ ಹಾಕಿ ಕೂಗಿದ. "ಇಳೀರಿ, ಗಂಡಸ್ರೆಲ್ಲಾ ಇಳೀರಿ! ಹೆಣ್ಮಕ್ಳು ಕೂಡ್ರಿ."

ಎಲ್ಲರೂ ಇಳಿದೆವು. ಬಬಲೇಶ್ವರದವನು ಹಿಂದಿನ ಬಾಕಿನ ಮೂಲೆಯಲ್ಲಿ ಹಾಗೆಯೇ ಕುಳಿತಿದ್ದ.

"ಏ ಧಡಿಯಾ, ನಿನಗ ಬ್ಯಾರೆ ಹೇಳಬೇಕೇನ?" ಎಂದ ಕಂಡಕ್ಟರ.

ಮುಂದಿನ ಬಾಕಿನ ಮುದುಕಿಯೊಬ್ಬಳು ತಿರುಗಿ ನೋಡಿ, "ಬಿಡೋ ಯಪ್ಪಾ, ಹೊಸಾ ಬಾಣಂತಿ ಇದ್ದಾಂಗ ಅದಾನ" ಎಂದಳು. ಹೆಂಗಸರೆಲ್ಲ ನಕ್ಕರು.

ಅವನು ಇಳಿದ. ಬೇಡವೆಂದು ಹೇಳಿದರೂ ಕೇಳಲಿಲ್ಲ. ನನ್ನ ಪಕ್ಕದಲ್ಲಿಯೇ ಹೆಗಲು ಕೊಟ್ಟು ನೂಕಿದ. ಮೋಟಾರು ಕದಲಿತು, ನಿಂತಿತು, ಮತ್ತೆ ಕದಲಿತು. ಆಗ ಅವನ ಬಾಯಿಂದ ಒಂದು ದನಿ ಬಂತು. ನೋಡಿದರೆ ಕೈ ಬಿಟ್ಟು ಹಾದಿಯ ಅಂಚಿಗೆ ಮೊಣಕಾಲೂರಿ ಕುಳಿತಿದ್ದ. ನಾವಿಬ್ಬರೂ ಅಲ್ಲಿಯೇ ನಿಂತೆವು. ಮೋಟಾರು ಮಾತ್ರ ನಿಲ್ಲಲಿಲ್ಲ. ನಿಲ್ಲಿಸಿದರೆ ಬೆಂಕಿ ಆರುತ್ತದೆಂದು ಡ್ರೈವರನು ಅದನ್ನು ಹಾಗೆಯೇ ಏರಿಸಿಕೊಂಡು ಹೋದ. ಉಳಿದವರು ಕೂಗುತ್ತ ಅದರ ಹಿಂದೆ ಓಡಿದರು.

ಅವನು ಹೊಲದ ಬದುವಿನ ಹಿಂದೆ ಹೋದ. ನಾವು ಬೆನ್ನು ತಿರುಗಿಸಿ ನಿಂತೆವು. ಕತ್ತರಿಸಿದ ಜೋಳದ ಕೂಳೆಗಳ ಆಚೆ ಯಾರೋ ಎತ್ತುಗಳನ್ನು ಬೈಯುತ್ತಿದ್ದರು. ಬಹಳ ಹೊತ್ತಾಯಿತು. ಅವನು ಬಂದಾಗ ತುಟಿಗಳು ಬೆಳ್ಳಗಾಗಿದ್ದವು.

"ಹನಿ ಹನಿ ಬಂತು," ಎಂದ. "ಎಲ್ಲಾ ರಕ್ತ."

ತಿಕೋಟಾದವನು ಅವನ ರಟ್ಟೆ ಹಿಡಿದು ಬದುವಿನ ಮೇಲೆ ಕೂರಿಸಿದ.

"ರಾತ್ರಿ ನಿದ್ದಿ ಇಲ್ಲ ನನಗ," ಎಂದು ಅವನೇ ಹೇಳತೊಡಗಿದ. "ಕಮ್ಮಿ ಆಗೇತಿ ಅಂತ ಅವ್ವಗ ಹೇಳೇನಿ. ನಿಮಗೂ ಹೇಳೇನಿ. ಹಂಗಂದ್ರ ಹೋಗೂದು ತಪ್ಪತೈತಿ ಅಂತ. ಆ ಸಳಿ ಹಾಕಿದಾಗ ಒಳಗ ಕಲ್ಲಿಗೆ ಕಬ್ಬಿಣ ಬಡದ ಸಪ್ಪಳ ನನಗ ಕೇಳಿತ್ತಲೇ. ಅವತ್ತಿನಿಂದ ಚಾಕು ಅಂದ್ರಽ ಎದಿ ನಡಗತೈತಿ."

ಅವನು ಟವೆಲಿನಿಂದ ಮುಖ ಒರೆಸಿಕೊಂಡು ಏರಿನ ಕಡೆ ನೋಡಿದ.

"ಗಂಟು ಎಲ್ಲೈತಿ?"

"ಮೋಟಾರದ ಮ್ಯಾಲ," ಎಂದೆ. "ಮುಂದ ಹೋಗೇತಿ."

"ಹೋಗ್ಲಿ ಬಿಡು. ನಡೀರಿ, ಅದರ ಹಿಂದಽ ಹೋಗೂಣು."

ಏರಿನ ತುದಿಯಲ್ಲಿ ಮೋಟಾರು ಕಾದು ನಿಂತಿತ್ತು. ನಾವು ನಿಂತು ನಿಂತು ನಡೆದು ಹೋದೆವು. ಕಂಡಕ್ಟರ ಬೈಯಲು ಬಾಯಿ ತೆರೆದವನು ಇವನ ಮುಖ ನೋಡಿ ಕೈ ಹಿಡಿದು ಹತ್ತಿಸಿಕೊಂಡ. ಬಾಣಂತಿ ಎಂದಿದ್ದ ಮುದುಕಿಯೇ ಸರಿದು ಕುಳಿತು ಜಾಗ ಮಾಡಿ, ತನ್ನ ಕಂಬಳಿ ಮಡಚಿ ಕೆಳಗೆ ಹಾಕಿದಳು.

ತಿಕೋಟಾದ ಮನೆಯಲ್ಲಿ ಗೆಳೆಯನ ತಾಯಿ ಗಂಟನ್ನು ದೇವರ ಮಾಡದಲ್ಲಿ ಇಟ್ಟಳು. ಮಗನ ಬಾಯಿಂದ ಅವಳಿಗೆ ಎಲ್ಲ ಮೊದಲೇ ಗೊತ್ತಿತ್ತು. ನುಚ್ಚು, ಮಜ್ಜಿಗೆ ಬಡಿಸಿ, "ಮಿರಜಿಗೆ ಹೋಗಾಕ ಅಥಣಿ ಮೋಟಾರ ಮುಂಜಾನಿ ಐತಿ. ನಮ್ಮಂವಾ ಕೂಡ ಬರತಾನ. ಅಂಗಡಿ ನಾ ನೋಡಕೋತೇನಿ" ಎಂದಳು. ಮಗ ತಾಯಿಯ ಮುಖ ನೋಡಿದ. ಅಂಗಡಿಯ ಕೀಲಿಕೈ ಆಗಲೇ ಅವಳ ಸೊಂಟದಲ್ಲಿತ್ತು. ಬೆಳಗಾಗುತ್ತಲೇ ಇಬ್ಬರೂ ಹೋದರು. ಈ ಸಲ ಗಂಟು ಟಪ್ಪದ ಮೇಲೆ ಹೋಗಲಿಲ್ಲ. ಬಬಲೇಶ್ವರದವನು ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದ.

ಅವನ ಮನೆಗೆ ಸುದ್ದಿ ಮುಟ್ಟಿಸುವುದು ನನ್ನ ಪಾಲಿಗೆ ಬಂತು. ಬಬಲೇಶ್ವರದ ಕಡೆ ಹೊರಟ ಖಾಲಿ ಚಕ್ಕಡಿಯೊಂದು ಸಿಕ್ಕಿತು. ಮಧ್ಯಾಹ್ನದ ಹೊತ್ತಿಗೆ ಮುಟ್ಟಿದೆ. ಅವನ ತಾಯಿ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದಳು. ನನ್ನನ್ನು ನೋಡಿ ಎದ್ದು ನೀರು ಕೊಟ್ಟಳು.

"ಗಂಟು ತರತೇನಂತ ಹೋಗಿದ್ದ," ಎಂದಳು ಆಮೇಲೆ.

"ಗಂಟು ಮಿರಜಿಗೆ ಹೋತು ಬೇ."

"ಮತ್ತ ಅಂವಾ?"

"ಅಂವನೂ."

ಅವಳು ಅಲ್ಲಿಯೇ ಕುಳಿತಳು. ಜೊತೆಗೆ ಯಾರಿದ್ದಾರೆ ಎಂದು ಕೇಳಿದಳು, ಹೇಳಿದೆ. ಏನು ಉಂಡ ಎಂದು ಕೇಳಿದಳು, ಹೇಳಿದೆ. ಆಮೇಲೆ ನಾನೇ, "ಕಮ್ಮಿ ಆಗೇತಿ ಅಂತ ನಿಮಗ ಹೇಳಿದ್ದನಂತ. ಕಮ್ಮಿ ಇಲ್ಲ ಬೇ" ಎಂದೆ.

"ನನಗ ಗೊತ್ತಿಲ್ಲೇನೋ ಯಪ್ಪಾ," ಎಂದಳು. "ಅವನ ಧೋತರ ಒಗಿಯಾಕಿ ಯಾರು?"

ಮುಂದಿನ ಐತವಾರ ನಾನು ಕಟ್ಟೆಯ ಮೇಲೆ ಒಬ್ಬನೇ ಕುಳಿತೆ. ಅದರ ಮುಂದಿನ ಐತವಾರ ತಿಕೋಟಾದವನು ಬಂದ. ಜ್ವರ ಬಿಟ್ಟ ಸೋದರಮಾವ ಮಿರಜಿಗೆ ಹೋಗಿ, ತಾನು ರೋಗಿಯ ಹತ್ತಿರ ಕುಳಿತು, ಇವನನ್ನು ಊರಿಗೆ ಕಳಿಸಿದ್ದ. "ಕೊಯ್ದಾರ. ಕಲ್ಲು ತಗದಾರ. ಆದ್ರ ಜ್ವರ ಬಂದಾವ" ಎಂದ. ಶೇಂಗಾ ಹಾಗೆಯೇ ಉಳಿಯಿತು. ನಾನು ನಿಜವಾದ ಲೆಕ್ಕ ತಿಳಿಯದೆಯೇ ಜ್ವರದ ಗೀಟು ಹಾಕುತ್ತ ಹೋದೆ. ಜ್ವರ ಇಳಿಯಿತು ಎಂಬ ಸುದ್ದಿ ಜೈನಾಪುರದ ಕಡೆಯಿಂದ ಸಂತೆಗೆ ಬಂದವರೊಬ್ಬರ ಬಾಯಲ್ಲಿ ಬಂದಾಗ ಗೀಟುಗಳ ಸಾಲನ್ನು ನಿಲ್ಲಿಸಿದೆ.

ಮೊದಲ ಮಳೆ ಆದ ಮೇಲೆ ಒಂದು ಐತವಾರ ಅವನೇ ಬಂದ. ಮೈ ಇಳಿದಿತ್ತು, ಅಂಗಿ ಜೋಲುತ್ತಿತ್ತು. ಕಟ್ಟೆಯ ಮೇಲೆ ಕುಳಿತು ಕಿಸೆಯಿಂದ ಸಣ್ಣ ಬಾಟಲಿ ತೆಗೆದು ನಡುವೆ ಇಟ್ಟ. ಒಳಗೆ ಅಡಿಕೆಯಷ್ಟು ದೊಡ್ಡ, ಕಂದು ಬಣ್ಣದ ಒರಟು ಕಲ್ಲು.

ತಿಕೋಟಾದವನು ಅದನ್ನು ಬೆಳಕಿಗೆ ಹಿಡಿದು ನೋಡಿದ. "ನಮ್ಮ ಅಕ್ಕ್ಯಾಗ ಇಷ್ಟ ದೊಡ್ಡೂವು ಇಲ್ಲಪಾ. ನಮ್ಮದು ಛಲೋ ಮಾಲು."

ಅವನು ಹೊಟ್ಟೆ ಹಿಡಿದುಕೊಂಡು, "ನಗಸಬ್ಯಾಡ್ರಲೇ, ಹೊಲಿಗಿ ಜಗ್ಗತೈತಿ" ಎಂದ. ಮಿರಜಿನ ಸುದ್ದಿ ಹೇಳಿದ. ಅಲ್ಲಿಂದ ಪಂಢರಪುರಕ್ಕೆ ಆಟಿಕೆಯಂಥ ಸಣ್ಣ ರೈಲು ಹೋಗುತ್ತದಂತೆ. ಮಾವ ಅದನ್ನು ತೋರಿಸಲು ಸ್ಟೇಶನ್ನಿಗೆ ಕರೆದೊಯ್ದಿದ್ದನಂತೆ. "ಒಮ್ಮೆ ಅದರಾಗ ಹೋಗಬೇಕು, ಮೂವರೂ. ಬರಕೋ ಕಾರಕೂನಾ."

"ಮತ್ತ ಗಂಟು ಯಾವಾಗ ಕಳಸ್ತಿ?" ಎಂದ ತಿಕೋಟಾದವನು.

"ಈ ಸಲ ನಿಂದ ಕಳಸು. ದಿಕ್ಕು ನಾ ನೋಡತೇನಿ."

ಶೇಂಗಾ ತೀರಿತು. ಎಮ್ಮೆ, ಬಿತ್ತಿಗೆ, ಸಕ್ಕರೆಯ ರೇಶನ್ನು ಎಲ್ಲ ಮಾತು ಆಗಿ, ಸಂಜೆಯ ರೈಲೂ ಹೋಯಿತು. ಇಬ್ಬರನ್ನೂ ಕಳಿಸಿ ಬಂದು ದಿನಚರಿ ತೆರೆದು, 'ಮೈ' ಎಂಬಲ್ಲಿ ಏನು ಬರೆಯಬೇಕೆಂದು ಯೋಚಿಸುವಾಗ ನೆನಪಾಯಿತು: ಅಷ್ಟು ಹೊತ್ತಿನಲ್ಲಿ ಅವನು ಒಮ್ಮೆಯೂ ಕಟ್ಟೆಯಿಂದ ಎದ್ದಿರಲಿಲ್ಲ. ಅದನ್ನೇ ಬರೆದೆ.