ಯಾವ ಷ್ಮಿಟ್?

ಅರಬ್ ನಾಡಿನ ರಾಬಿಗ್‌ನ ಕ್ಯಾಂಪ್ ಕಚೇರಿಯಲ್ಲಿ ಗೇಟ್ ಪಾಸಿಗೆ ಕಾಯುತ್ತಿದ್ದೇನೆ. ಟೆಲಿಫೋನ್ ಬೋರ್ಡಿನ ಮುಂದೆ ಉಳ್ಳಾಲದ ಹಮೀದಾಕ ಕೂತಿದ್ದಾರೆ. ನಿನ್ನೆ ಇಲ್ಲಿ ಷ್ಮಿಟ್ ಎಂಬ ಜರ್ಮನ್ ಮೇಲ್ವಿಚಾರಕ ಎತ್ತರದಿಂದ ಬಿದ್ದು ತೀರಿಕೊಂಡ. ಅವರ ದೇಶದ ರೇಡಿಯೋ ಬರೀ ‘ಷ್ಮಿಟ್’ ಎಂದಷ್ಟೇ ಹೇಳಿದೆಯಂತೆ. ಕ್ಯಾಂಪಿನಲ್ಲಿದ್ದ ಷ್ಮಿಟ್‌ಗಳು ಮೂವರು. ಗೋಡೆ ಗಡಿಯಾರದ ಮೇಲೆ ತಯಾರಕರ ಹೆಸರೂ ಅದೇ.

“ಸಂಬಂಧಿಕರಾ?” ಎಂದೆ.

“ಎಂತ ಸಂಬಂಧ ಮಾರಾಯ್ರೆ, ನಮ್ಮಲ್ಲಿ ಶೆಟ್ರು ಇದ್ದ ಹಾಗೆ. ಕ್ರೇನ್ ಷ್ಮಿಟ್, ಗಡ್ಡದ ಷ್ಮಿಟ್, ಬೆಕ್ಕು ಸಾಕಿದ ಷ್ಮಿಟ್. ಹೋದದ್ದು ಬೆಕ್ಕಿನವ. ಅವನ ಮನೆಗೆ ಆಫೀಸಿನವರು ಬೆಳಿಗ್ಗೆಯಿಂದ ಫೋನ್ ಮಾಡ್ತಾ ಇದ್ದಾರೆ, ಎತ್ತುವವರಿಲ್ಲ.”

ಅಷ್ಟರಲ್ಲಿ ಫೋನ್ ಬಂತು, ಹೆಂಗಸಿನ ದನಿ. ಹಮೀದಾಕ ಇಂಗ್ಲಿಷಿನಲ್ಲಿ “ಯಾವ ಷ್ಮಿಟ್?” ಎಂದು ಕೇಳಿ ಕ್ರೇನಿನವನನ್ನು ಕರೆಸಿದರು. ಆ ದೊಡ್ಡ ಆಳು ರಿಸೀವರ್ ಹಿಡಿದು ಅತ್ತ. ಸ್ವಲ್ಪ ಹೊತ್ತಿಗೆ ಇನ್ನೊಬ್ಬಳ ಕರೆ. ಅದೇ ಪ್ರಶ್ನೆ. ಗಡ್ಡದವನು ಊಟ ಬಿಟ್ಟು ಎಂಜಲು ಕೈಯಲ್ಲೇ ಓಡಿ ಬಂದ.

ನನ್ನ ಪಾಸ್ ಸಿಕ್ಕಿತು. ಹೊರಡುವಾಗ ಮತ್ತೆ ಫೋನ್ ರಿಂಗಾಯಿತು. ಹಮೀದಾಕ ಎತ್ತಿ ಕೇಳಿಸಿಕೊಂಡರು, ಮೆಲ್ಲನೆ ಎದ್ದು ನಿಂತರು.

ಈ ಸಲ ಅವರು ಯಾವ ಷ್ಮಿಟ್ ಎಂದು ಕೇಳಲಿಲ್ಲ.