ಕಿರಣನ ಬಾಯಿಂದ ಬಂದ ಹಬೆ

"ಅಯ್ಯೋ ಕಂದ, ಬಾಯಲ್ಲಿ ಹಬೆ ಬರ್ತಿದೆಯಲ್ಲೋ! ಅಲ್ಲಿ ಹೀಟರ್ ಹಾಕಲ್ವಾ?"

ಹೋದ ತಿಂಗಳ ಒಂದು ಭಾನುವಾರ ಬೆಳಿಗ್ಗೆ, ಅಮೆರಿಕದ ಆನ್ ಆರ್ಬರ್‌ನ ನಮ್ಮ ಪಕ್ಕದ ಮನೆಯ ಸರೋಜಮ್ಮ ಲ್ಯಾಪ್‌ಟಾಪಿಗೆ ಮುಖ ಒಡ್ಡಿ ಹೀಗೆ ಕೂಗಿದರು. ಪರದೆಯ ಮೇಲೆ ಅವರ ಮಗ ಕಿರಣ್. ಕುಡಿದು ಡ್ರೈವ್ ಮಾಡಿ ಸಿಕ್ಕಿಬಿದ್ದು, ನಾಲ್ಕು ತಿಂಗಳ ಶಿಕ್ಷೆಗೆ ಕೌಂಟಿ ಜೈಲಿನಲ್ಲಿದ್ದಾನೆ. ವಾರಕ್ಕೊಂದು ವಿಡಿಯೋ ಕಾಲ್. (ಕನೆಕ್ಟ್ ಮಾಡಿಕೊಡುವ ಟೆಕ್ನಿಷಿಯನ್ ನಾನೇ.)

ಹೊರಗೆ ನೀರು ಹೆಪ್ಪುಗಟ್ಟುವ ಚಳಿ, ಹನ್ನೆರಡು ಡಿಗ್ರಿ ಫ್ಯಾರನ್‌ಹೀಟ್. ಹಾಲು ತರಲು ಹೋದರೂ ಬಾಯಲ್ಲಿ ಹಬೆ ಬರುವ ಊರು. ತಾಯಿಗೆ ಇನ್ನೇನು ಹೊಳೆಯಬೇಕು?

"ಚಳಿ ಇಲ್ಲಮ್ಮ" ಎಂದ. ತಲೆ ತಗ್ಗಿಸಿದ, ಎತ್ತಿದ. ಮತ್ತೆ ಹಬೆ. ಅವನ ಹಿಂದೆ ಬೆಂಚಿನ ಮೇಲೆ ಐದಾರು ಜನ. ಒಬ್ಬರೂ ಮಾತಾಡುತ್ತಿರಲಿಲ್ಲ, ಕೆಮ್ಮುತ್ತಿರಲಿಲ್ಲ. ಒಬ್ಬೊಬ್ಬರ ಬಾಯಿಂದಲೂ ಬಿಳಿ ಹಬೆ ಎದ್ದು ಕರಗುತ್ತಿತ್ತು.

ಸರೋಜಮ್ಮ ಸ್ವೆಟರ್ ಪ್ಯಾಕ್ ಮಾಡಿದರು. ಸೋಮವಾರ ನಾನು ಜೈಲಿಗೆ ಫೋನ್ ಮಾಡಿದೆ. ಸ್ವೆಟರ್ ತೆಗೆದುಕೊಳ್ಳುವುದಿಲ್ಲ, ಒಳಗೆ ಎಪ್ಪತ್ತೆರಡು ಡಿಗ್ರಿ ಬೆಚ್ಚಗಿದೆ ಎಂದಳು ಆ ಕಡೆಯ ಹೆಂಗಸು. ಹಾಗಾದರೆ ಹಬೆ? ಆಕೆ ನಕ್ಕಳು. ಇ-ಸಿಗರೇಟ್, ಬೆಂಕಿಯಿಲ್ಲದೆ ಹಬೆ ಬಿಡುವ ಬ್ಯಾಟರಿ ಸಿಗರೇಟು!

ಅಲ್ಲಿ ಸಿಗರೇಟು ಬ್ಯಾನ್. ಬೆಂಕಿಕಡ್ಡಿಯೂ ಬ್ಯಾನ್. ಆದರೆ ಜೈಲಿನ ಅಂಗಡಿಯಲ್ಲೇ ಇ-ಸಿಗರೇಟ್ ಮಾರುತ್ತಾರೆ. (ಮೆತ್ತನೆಯ ಪ್ಲಾಸ್ಟಿಕ್, ಯಾರಿಗೂ ಚುಚ್ಚಲಾಗದು. ಎಂಥ ಕಾಳಜಿ!) ಅದು ಕೈಯಲ್ಲಿದ್ದರೆ ಕೈದಿಗಳು ತೆಪ್ಪಗಿರುತ್ತಾರಂತೆ. ಗಲಾಟೆ ಮಾಡಿದರೆ ಸಪ್ಲೈ ಬಂದ್. ಜೈಲಿಗೆ ಇದಕ್ಕಿಂತ ಒಳ್ಳೆಯ ಕಾವಲುಗಾರ ಸಿಕ್ಕಾನೆಯೇ?

ಆದರೆ ಕಿರಣ್ ಸಿಗರೇಟು ಮುಟ್ಟಿದವನೇ ಅಲ್ಲ. ಮುಟ್ಟಿದವರೂ ನಮ್ಮಲ್ಲಿ ಅಮ್ಮನ ಎದುರು ಸೇದುವುದುಂಟೇ? ನಲವತ್ತು ದಾಟಿದ ಗಂಡಸರೂ ಗರಾಜಿನ ಹಿಂದೆ ಹೋಗಿ ಸೇದುತ್ತಾರೆ, ಏಲಕ್ಕಿ ಜಗಿದು ಒಳಗೆ ಬರುತ್ತಾರೆ.

ಮರುವಾರದ ಕಾಲ್‌ನಲ್ಲಿ ಸರೋಜಮ್ಮ ಕನ್ನಡಕ ತರಲು ಒಳಗೆ ಹೋದರು. ಮೆಲ್ಲಗೆ ಕೇಳಿದೆ: "ಅಮ್ಮನ ಮುಂದೇನೇ ಹೊಗೆ ಬಿಡ್ತೀಯಲ್ಲೋ, ನಾಚಿಕೆ ಆಗಲ್ವಾ?"

ಕಿರಣ್ ಗಾಬರಿಯಿಂದ ಹಿಂದೆ ತಿರುಗಿ ನೋಡಿದ. "ಹೊಗೆನಾ? ಎಲ್ಲಿ ಅಂಕಲ್?"

ಕೇಳುತ್ತಿದ್ದಾಗಲೇ ಅವನ ಬಾಯಿಂದ ಹಬೆ ಬರುತ್ತಿತ್ತು. ನಾಟಕವಲ್ಲ, ಆಣೆ ಮಾಡಿ ಹೇಳುತ್ತೇನೆ. ತಾನು ಸೇದುತ್ತಿರುವುದೇ ಅವನಿಗೆ ಗೊತ್ತಾಗುತ್ತಿರಲಿಲ್ಲ. ನಾನು ನಿಜವಾಗಿ ಹೆದರಿದ್ದು ಆಗ.

ಮುಂದಿನ ತಿಂಗಳು ಬಿಡುಗಡೆ. ಮಗ ಚಳಿಯಲ್ಲಿ ನಡುಗಿ ನಡುಗಿ ಬರುತ್ತಾನೆಂದು ಸರೋಜಮ್ಮ ಅವನ ಕೋಣೆಗೆ ಎರಡು ದಪ್ಪ ರಜಾಯಿ ತಂದಿಟ್ಟಿದ್ದಾರೆ. ನಾನಿನ್ನೂ ಬಾಯಿ ಬಿಟ್ಟಿಲ್ಲ.

ಬರುವವನು ಜೈಲಿಗೆ ಹೋದ ಕಿರಣನೇ ಎಂದು ಆ ತಾಯಿಗೆ ಯಾರು ಗ್ಯಾರಂಟಿ ಕೊಡುತ್ತಾರೆ?