ಅವಲಕ್ಕಿ ಕೊಟ್ಟ ತಪ್ಪಿಗೆ

"ವಿದ್ಯಾರ್ಥಿನಿಯನ್ನು ಮನೆಗೆ ಕರೆದಿದ್ದಿರಾ?" ಎಂದು ಕಾಲೇಜಿನ ವಿಚಾರಣಾ ಸಮಿತಿಯ ಅಧ್ಯಕ್ಷೆ ಕೇಳಿದಾಗ ನಾನು ಹೆಮ್ಮೆಯಿಂದಲೇ ಹೌದೆಂದೆ. ಅವಲಕ್ಕಿ ಹಚ್ಚಿಕೊಟ್ಟೆ, ಚಹಾ ಮಾಡಿದೆ, ಮಧ್ಯಾಹ್ನವೆಲ್ಲ ಮಾತಾಡಿಸಿದೆ ಎಂದೂ ಸೇರಿಸಿದೆ. ಮೇಜಿನಾಚೆಯ ಮೂವರೂ ಮುಖ ಮುಖ ನೋಡಿಕೊಂಡರು. ಒಬ್ಬರು ಅವಲಕ್ಕಿಯ ಸಮೇತ ಎಲ್ಲವನ್ನೂ ಬರೆದುಕೊಂಡರು. ಲಂಚ ತಿಂದವಳನ್ನು ನೋಡಿದ ಹಾಗೆ ನೋಡುತ್ತಾರಲ್ಲ, ತಿನ್ನಿಸಿದವಳು ನಾನು ಎಂದು ಒಳಗೇ ಸಿಟ್ಟು ಬಂತು.

ಧಾರವಾಡದ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವಳು ನಾನು. ಓದಿದ್ದು, ಬರೆದದ್ದು ಮಾತ್ರ ಭಾಷೆಯ ತತ್ತ್ವಶಾಸ್ತ್ರ. ಒಬ್ಬರ ಮಾತನ್ನು ಇನ್ನೊಬ್ಬರು ಯಾವ ಆಧಾರದ ಮೇಲೆ ನಂಬುತ್ತಾರೆ ಎಂಬ ಒಂದೇ ಪ್ರಶ್ನೆ ಹಿಡಿದು ಅರ್ಧ ಆಯುಷ್ಯ ತೇಯ್ದಿದ್ದೇನೆ. ಕೊರೋನಾ ತಣ್ಣಗಾದ ಮೇಲೆ ಅಮೆರಿಕದ ಷಾರ್ಲೆಟ್ ಹತ್ತಿರದ ಸಣ್ಣ ಕಾಲೇಜೊಂದು ವರ್ಷ ವರ್ಷಕ್ಕೆ ನವೀಕರಿಸುವ ಕೆಲಸ ಕೊಟ್ಟಿತು, ಬಂದೆ. ಐವತ್ತು ದಾಟಿದವಳಿಗೆ ಹೊಸ ಊರು ಬೇಗ ಒಗ್ಗುವುದಿಲ್ಲ. ಲೈಟ್ ರೈಲು ಇದೆ ಎಂದು ಧೈರ್ಯವಾಗಿದ್ದೆ. ಅದು ನನ್ನ ಮನೆಯ ಕಡೆಗೂ ಬರುವುದಿಲ್ಲ, ಕಾಲೇಜಿನ ಕಡೆಗೂ ಹೋಗುವುದಿಲ್ಲ. ಆಟೋದಲ್ಲಿ ಕೂತು "ಎಡಕ್ಕ ತಗೋರಿ" ಅನ್ನುತ್ತಿದ್ದವಳು ಕಾರು ಕಲಿತೆ. ಲೈಸೆನ್ಸ್ ಸಿಕ್ಕ ದಿನ ಪಾರ್ಕಿಂಗ್ ಲಾಟಿನಲ್ಲೇ ಕೂತು ಅತ್ತೆ, ಸಂತೋಷಕ್ಕೋ ಸುಸ್ತಿಗೋ ಇನ್ನೂ ಗೊತ್ತಿಲ್ಲ.

ಧಾರವಾಡದಲ್ಲಿ ನನ್ನ ಮನೆಗೆ ಹುಡುಗರು ಹೊತ್ತುಗೊತ್ತಿಲ್ಲದೆ ಬರುತ್ತಿದ್ದರು. ಅರ್ಧ ಪಾಠ ತರಗತಿಯಲ್ಲಿ ಆದರೆ ಉಳಿದರ್ಧ ಪಡಸಾಲೆಯಲ್ಲಿ. ಇಲ್ಲಿ ಅದಕ್ಕೆ ಆಫೀಸ್ ಅವರ್ಸ್ ಎಂದಿದೆ, ಅಂದರೆ ವಾರದಲ್ಲಿ ಗೊತ್ತುಮಾಡಿದ ಹೊತ್ತಿಗೆ ಮೇಷ್ಟ್ರು ಕೋಣೆಯ ಬಾಗಿಲು ತೆರೆದು ಕೂರಬೇಕು. ನಾನು ಕೂರುತ್ತೇನೆ. ಬರುವವರು ಅಪರೂಪ, ಬಂದವರು ಕೇಳುವುದು ಅಂಕದ ವಿಷಯ. ಬಾಗಿಲು ಮುಚ್ಚಬೇಡಿ ಎಂದು ವಿಭಾಗದ ಮುಖ್ಯಸ್ಥರು ಮೊದಲ ವಾರವೇ ಹೇಳಿದ್ದರು. ಮನೆಗೆ ಕರೆಯಬೇಡಿ ಎಂದು ಯಾರೂ ಹೇಳಲಿಲ್ಲ. ಹೇಳಬೇಕಾಗುತ್ತದೆಂದು ಅವರಿಗೂ ಹೊಳೆದಿರಲಿಕ್ಕಿಲ್ಲ.

ಶ್ರೇಯಾ ನನ್ನ ತರಗತಿಯಲ್ಲಿದ್ದಳು. ಇಲ್ಲೇ ಹುಟ್ಟಿದವಳು; ತಾಯಿ ಹುಬ್ಬಳ್ಳಿಯವರು, ಡಾಕ್ಟರ್, ನಮ್ಮ ಕಡೆಯವರೆಂದು ನನ್ನ ಪರಿಚಯ ಮಾಡಿಕೊಂಡಿದ್ದರು. ಮೊಣಕಾಲು ನೋವಿದ್ದರೂ ವಿಡಿಯೋ ಕಾಲಿನಲ್ಲಿ ತನ್ನಜ್ಜಿ ಯಾವಾಗಲೂ "ಆರಾಮದೀನಿ" ಅನ್ನುತ್ತಾಳೆ, ಆ ಮಾತನ್ನು ನಂಬದಿರುವ ಹಕ್ಕು ತನಗಿದೆಯೇ ಎಂದು ಅವಳೊಂದು ಪ್ರಬಂಧ ಬರೆದಳು. ಓದಿ ನನಗೆ ದಣಿವೇ ಇಳಿದಂತಾಯಿತು. ಆದರೆ ಇದು ಯಂತ್ರ ಬರೆದದ್ದು ಎಂದು ಕಾಲೇಜಿನ ಸಾಫ್ಟ್‌ವೇರ್ ಗುರುತು ಹಾಕಿತು. ಗುರುತು ಬಿದ್ದರೆ ಸಮಿತಿಗೆ ಕಳಿಸಲೇಬೇಕು, ಕಳಿಸಿದೆ. ತಪ್ಪಿತಸ್ಥಳೆಂದಾದರೆ ಪ್ರಬಂಧಕ್ಕೆ ಸೊನ್ನೆ, ಜೊತೆಗೆ ಅವಳ ದಾಖಲೆಯಲ್ಲಿ ಒಂದು ಟಿಪ್ಪಣಿ. ಆ ಟಿಪ್ಪಣಿ ಇಟ್ಟುಕೊಂಡು ಮೆಡಿಕಲ್ ಸ್ಕೂಲಿನ ಬಾಗಿಲು ತಟ್ಟುವುದು ಕಷ್ಟ.

ತಾಯಿ ಫೋನ್ ಮಾಡಿದರು. "ಮೇಡಂ, ಮುಂದಿನ ವರ್ಷ ಆಕಿ ಅಪ್ಲೈ ಮಾಡೋದದರಿ. ನಿಮ್ಮ ಮ್ಯಾಲೆ ಭಾರ ಹಾಕೀವಿ."

"ರವಿವಾರ ಮನಿಗೆ ಕಳಸ್ರಿ," ಎಂದೆ. "ಕೂತು ಮಾತಾಡ್ತೀನಿ. ಬರದವರು ಯಾರು ಅಂತ ಮಾತಿನಾಗ ಗೊತ್ತಾಗ್ತದ."

ಬಂದಳು. ಮೊದಲು ಹೆದರಿ ತಟ್ಟೆಯ ಶೇಂಗಾ ಮಾತ್ರ ಹೆಕ್ಕಿ ತಿನ್ನುತ್ತಿದ್ದಳು. ನಾನು ಕೆಣಕಿದೆ. "ಅಜ್ಜಿಗೆ ಮೊಣಕಾಲು ನೋವು. ಆರಾಮದೀನಿ ಅಂತಾಳ. ಅಂದ್ರ ಸುಳ್ಳು ಹೇಳ್ತಾಳ, ಹೌದಿಲ್ಲೋ?"

ಚಮಚ ಕೆಳಗಿಟ್ಟಳು. "ನೋ, ಆಂಟಿ! ಅಜ್ಜಿ ಸುಳ್ಳು ಹೇಳಲ್ಲ. ಶೀ ಈಸ್ ನಾಟ್ ರಿಪೋರ್ಟಿಂಗ್. ನಂಗೆ ವರಿ ಮಾಡ್ಬೇಡ ಅಂತ ಹೇಳ್ತಾರೆ, ದಟ್ಸ್ ಆಲ್."

"ಹಂಗಾದ್ರ ಖರೇನ ಆರಾಮಿದ್ದಾಗ ಏನಂತಾಳ?"

"ಆಗ ಅಜ್ಜಿ ತನ್ನ ಬಗ್ಗೆ ಮಾತೇ ಆಡಲ್ಲ," ಎಂದಳು ನಿಧಾನವಾಗಿ. "ನನ್ನನ್ನ ಬೈತಾರೆ. ಹೇರ್ ಕಟ್ ಮಾಡ್ಸಿದ್ದಕ್ಕೆ."

ಪ್ರಬಂಧದಲ್ಲಿ ಈ ಮಾತು ಇರಲಿಲ್ಲ. ಆದರೆ ಅದನ್ನು ಬರೆದ ತಲೆಗಷ್ಟೇ ಇದು ಹೊಳೆಯಲು ಸಾಧ್ಯ. ಮೂವತ್ತು ವರ್ಷ ಪಾಠ ಮಾಡಿದವಳಿಗೆ ಇನ್ನೇನು ಸಾಕ್ಷಿ ಬೇಕು? ಅವಳು ಹೋದ ಮೇಲೆ ಪಾತ್ರೆ ತೊಳೆಯುತ್ತಾ ಹಾಡು ಗುನುಗಿದೆ, ಈ ಅಪಾರ್ಟ್‌ಮೆಂಟಿಗೆ ಬಂದ ಮೇಲೆ ಮೊದಲ ಸಲ.

ಸಮಿತಿಯ ಅಧ್ಯಕ್ಷೆ ಕೆಟ್ಟವರಲ್ಲ. ಅವಲಕ್ಕಿಯ ಸುದ್ದಿ ಮುಗಿದ ಮೇಲೆ ಮೆತ್ತಗೆ ಹೇಳಿದರು: ಇದೇ ಪ್ರಶ್ನೆಗಳನ್ನು ಆಫೀಸಿನಲ್ಲಿ ಇನ್ನೊಬ್ಬರ ಎದುರು ಕೇಳಿದ್ದರೆ ಅದೇ ಪುರಾವೆಯಾಗುತ್ತಿತ್ತು. ಮನೆಯಲ್ಲಿ, ಪರಿಚಯದ ಕುಟುಂಬದ ಹುಡುಗಿಯ ಜೊತೆ ಆಡಿದ ಮಾತನ್ನು ಪರಿಗಣಿಸಲು ಬರುವುದಿಲ್ಲ. "ಹಾಗಾದರೆ ಈಗ ನೀವೇ ಕೇಳಿ ನೋಡಿ," ಎಂದೆ. "ಈಗ ಅವಳೇನು ಹೇಳಿದರೂ ನೀವು ಹೇಳಿಕೊಟ್ಟದ್ದು ಅನ್ನಬಹುದಲ್ಲ," ಎಂದರು. ಮಾತನ್ನು ನಂಬುವ ಬಗ್ಗೆ ಪುಸ್ತಕ ಬರೆದವಳು ನಾನು. ನನ್ನ ಮಾತು ಅಲ್ಲಿ ಮೂರು ಕಾಸಿಗೂ ಬಾಳಲಿಲ್ಲ.

ಅವರ ನಿಯಮ ತಪ್ಪೆಂದು ಬೈದುಬಿಟ್ಟರೆ ಮನಸ್ಸಿಗೆ ಹಗುರ. ಆದರೆ ಕಾರಿನಲ್ಲಿ ಮನೆಗೆ ಬರುವಾಗ, ಧಾರವಾಡದಲ್ಲಿ ನಮ್ಮ ಪಡಸಾಲೆಗೆ ಬರಲು ಹಿಂಜರಿದ ಹುಡುಗರ ನೆನಪಾಯಿತು. ಅವರ ಮಾತನ್ನು ನಾನು ಎಲ್ಲಿ ಕೇಳಿದ್ದೆ? ಇಲ್ಲಿ ಕೋಣೆಯ ಬಾಗಿಲು ಎಲ್ಲರಿಗೂ ಒಂದೇ ಅಳತೆ ತೆರೆದಿರುತ್ತದೆ. ಅದೂ ನ್ಯಾಯವೇ. ಆದರೆ ಆ ನ್ಯಾಯದಲ್ಲಿ ಸೊನ್ನೆ ಬಿದ್ದದ್ದು ತಾನೇ ಬರೆದವಳಿಗೆ. ಟಿಪ್ಪಣಿಯೂ ಬಿತ್ತು. ತಾಯಿ ಮತ್ತೆ ಫೋನ್ ಮಾಡಲಿಲ್ಲ, ನನಗೂ ಮಾಡುವ ಧೈರ್ಯವಾಗಲಿಲ್ಲ.

ಸೆಮಿಸ್ಟರ್ ಮುಗಿಯುವ ಮುನ್ನ ಒಂದು ಸಂಜೆ ಬಾಗಿಲು ಬಡಿದ ಸದ್ದಾಯಿತು. ಶ್ರೇಯಾ ನಿಂತಿದ್ದಳು, ಚಳಿಗೆ ಮೂಗು ಕೆಂಪಾಗಿತ್ತು.

"ಆಂಟಿ, ಅಪೀಲ್ ಮಾಡ್ಬೇಕು ಅಂತಿದೀನಿ. ಒಳಗೆ ಬರ್ಲಾ?"

ಬಾ ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಅವಳು ಒಳಗೆ ಬಂದರೆ ಆ ಅಪೀಲಿಗೂ ನಾನೇ ಕಲ್ಲು ಹಾಕಿದಂತೆ. ಹೊರಗೆ ಬಂದು ಬಾಗಿಲನ್ನು ಬೆನ್ನ ಹಿಂದೆ ಎಳೆದುಕೊಂಡೆ.

"ನಾಳೆ ಎರಡಕ್ಕ ಆಫೀಸಿಗೆ ಬಾ. ಇನ್ನೊಬ್ಬರನ್ನೂ ಕೂಡಿಸ್ತೀನಿ."

ಅವಳು ಮುಚ್ಚಿದ ಬಾಗಿಲನ್ನು ನೋಡಿದಳು, ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ, ಅರ್ಥವಾಗಿತ್ತು. ಅದರಿಂದಲೇ ನನಗೆ ಹೆಚ್ಚು ನೋವಾಯಿತು.

"ಓಕೆ, ಪ್ರೊಫೆಸರ್," ಎಂದು ಮೆಟ್ಟಿಲಿಳಿದು ಹೋದಳು.

ಸರಿಯಾದದ್ದನ್ನೇ ಮಾಡಿದೆ, ಇಲ್ಲಿಯವರು ಯಾರನ್ನು ಕೇಳಿದರೂ ಹಾಗೇ ಹೇಳುತ್ತಾರೆ. ಧಾರವಾಡಕ್ಕೆ ಫೋನ್ ಮಾಡಿದಾಗ ಮಾತ್ರ ಈ ವಿಷಯ ಯಾರಿಗೂ ಹೇಳಲಾಗಲಿಲ್ಲ.